ಸಿಂಗ್ರಯ್ಯನ ಅಂಜನ

ಇದು ನಡೆದದ್ದು. ಕಪಿಲೆ ಹೊಳೆ ಮೇಲಾಣೆ, ನನ್ನ ಹೆತ್ತವ್ವನ ಮೇಲಾಣೆ, ಒಂದು ಮಾತೂ ಸುಳ್ಳಿಲ್ಲ. ಸುಳ್ಳು ಅನ್ನೋ ಗಂಡಸಿದ್ರೆ ಎದುರಿಗೆ ಬರ್ಲಿ, ಈ ವಯಸ್ಸಲ್ಲೂ ಅವನ ಕಿವಿ ಹಿಂಡೋ ಶಕ್ತಿ ನನ್ನ ಕೈಲದೆ. ಮೂರನೇ ಕ್ಲಾಸಿಗೇ ಇಸ್ಕೂಲು ಬುಟ್ಟೋನು ನಾನು. ಆದ್ರೂ ಇದನ್ನ ನನ್ನಂಗೆ ಹೇಳೋನು ಈ ಸೀಮೇಲೇ ಇಲ್ಲ. ಕೇಳಿ.

ಹೊಳೆ ದಂಡೇಲಿ ಒಂದು ಮಠ. ದೊಡ್ಡ ಮಠ ಅಲ್ಲ. ಹೆಂಚಿನ ಮನೆ, ಹಿಂದುಗಡೆ ಹಳೇ ಗುರುಗಳ ಗದ್ದಿಗೆ, ಮುಂದೆ ಒಂದು ಬೇವಿನ ಮರ. ಬಂದೋರಿಗೆ ಮುದ್ದೆ, ಸಾರು. ಅಷ್ಟೇ.

ಅಲ್ಲಿದ್ದೋರು ಇಬ್ಬರು. ದೊಡ್ಡಬುದ್ಧಿ ಮುದ್ದುವೀರಯ್ಯನೋರು, ಅವರ ಶಿಷ್ಯ ಗುರುಮಲ್ಲ. ಊರೋರು ಗುರುಮಲ್ಲನ್ನ ಮರಿಬುದ್ಧಿ ಅನ್ನೋರು. ದೊಡ್ಡಬುದ್ಧಿ ಕಣ್ಮುಚ್ಚಿದ್ರೆ ಪೀಠ ಅವನದೇ.

ಗದ್ದಿಗೆ ಮೇಲೆ ಒಂದು ಬೆಳ್ಳಿ ಕರಡಿಗೆ ಇತ್ತು. ಹಳೇ ಗುರುಗಳು ಒಳಗೆ ಲಿಂಗ ಇಟ್ಕಂಡು ಕೊರಳಿಗೆ ಹಾಕ್ಕತಿದ್ದ ಕರಡಿಗೆ. ಗದ್ದಿಗೆ ಕೋಣೆ ಬೀಗದ ಕೈ ಗುರುಮಲ್ಲನ ಸೊಂಟದಲ್ಲಿ.

ಒಂದಿನ ಬೆಳಿಗ್ಗೆ ಪೂಜೆಗೆ ಅಂತ ಬೀಗ ತೆಗೆದ. ಕರಡಿಗೆ ಇಲ್ಲ.

ಮೇಲೆ ಒಂದು ಹೆಂಚು ಸರಿದಿತ್ತು. ಕೋತಿ ಸರಿಸ್ತೋ, ಮನುಷ್ಯ ಸರಿಸಿದ್ನೋ, ಯಾರಿಗೆ ಗೊತ್ತು?

ಮಧ್ಯಾಹ್ನದೊತ್ತಿಗೆ ಸುದ್ದಿ ಊರಿಗೆಲ್ಲ ಮುಟ್ತು. ಗುರುಮಲ್ಲ ನೀರು ತರೋಕೆ ಹೊಳೆಗೆ ಇಳಿದ್ರೆ, ಬಟ್ಟೆ ಒಗೀತಿದ್ದ ಹೆಂಗಸ್ರು ಮಾತು ನಿಲ್ಲಿಸಿದ್ರು. ಅವನು ಬೆನ್ನು ತಿರುಗಿಸಿದ ಮೇಲೆ ಒಬ್ಬಳು ಅಂದ್ಲು, "ಬೀಗದ ಕೈ ಯಾರ ತಾವ ಇತ್ತಂತೆ?"

ಇನ್ನೊಬ್ಬಳು ಕಿಸಕ್ಕಂತ ನಕ್ಕಳು.

ಬಿಂದಿಗೆ ಅರ್ಧ ಚೆಲ್ಕಂಡು ಬಂದ ಅವನು. ಕಳ್ಳ ಸಿಕ್ಕದೇ ಹೋದ್ರೆ ಕಳ್ಳ ತಾನೇ. ಪೀಠ ಹೋಗ್ಲಿ, ಈ ಊರಲ್ಲಿ ತಲೆ ಎತ್ಕಂಡು ತಿರುಗೋಕೂ ಆಗಲ್ಲ.

ದೊಡ್ಡಬುದ್ಧಿ ಬೇವಿನ ಮರದಡೀಲಿ ಕೂತು ಅವರೇಕಾಯಿ ಸುಲೀತಿದ್ರು.

"ಬುದ್ಧಿ, ಯಾರು ತಗಂಡಿದ್ದಾರೆ ಅಂತ ನಿಮ್ಗೆ ಕಾಣಾಕಿಲ್ವಾ?"

"ಇಲ್ಲ."

"ಕಣ್ಮುಚ್ಚಿ ಕೂತ್ರೂ ಕಾಣಾಕಿಲ್ವಾ?"

"ಕಣ್ಮುಚ್ಚಿದ್ರೆ ಅವರೇಕಾಯೂ ಕಾಣಾಕಿಲ್ಲ ಕಣ್ಲಾ."

ಗುರುಮಲ್ಲನಿಗೆ ಉರಿದು ಹೋಯ್ತು. "ಹಂಗಾರೆ ಇಷ್ಟು ವರ್ಸ ಪೂಜೆ ಮಾಡಿ ನಿಮ್ಗೆ ಏನು ಬಂತು?"

"ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನೋದು ಬಂತು. ಅದೂ ಈಗೀಗ. ಬಾ, ಕೂತ್ಕ. ಕಾಯಿ ಸುಲಿ."

ಅವನು ಕೂರಲಿಲ್ಲ.

ದಾಸೋಹದ ರಾಗಿಗೆ ಅಂತ ಭಕ್ತರು ಕೊಟ್ಟಿದ್ದ ದುಡ್ಡನ್ನ ದೊಡ್ಡಬುದ್ಧಿ ಎಣಿಸಿ ಗೂಡಲ್ಲಿ ಇಟ್ಟಿದ್ರು. ಅದನ್ನ ಪಂಚೆ ಅಂಚಿಗೆ ಗಂಟು ಹಾಕ್ಕಂಡು ಪ್ಯಾಟೆ ದಾರಿ ಹಿಡಿದ.

ಪ್ಯಾಟೇಲಿ ಅಂಜನದ ಸಿಂಗ್ರಯ್ಯ ಅಂತ ಒಬ್ಬ. ವೀಳ್ಯದೆಲೆಗೆ ಕರೀ ಮಸಿ ಸವರಿ, ಅದ್ರಲ್ಲಿ ಕಳ್ಳನ ಮುಖ ನೋಡಿ ಹೇಳ್ತೀನಿ ಅನ್ನೋನು. ಜಗಲಿ ತುಂಬ ಜನ. ಎಮ್ಮೆ ಕಳ್ಕಂಡೋನು ಒಬ್ಬ. ಹೆಂಡ್ತಿ ತವರಿಗೆ ಹೋಗಿ ಬರ್ದೇ ಇದ್ದೋನು ಒಬ್ಬ. ಎಲ್ಲರ ಮಡಿಲಲ್ಲೂ ಒಂದೊಂದು ಗಂಟು. ಎಲ್ರೂ ಡಾಕ್ಟರ ಮನೆ ಮುಂದೆ ಕೂತಂಗೆ ಕೂತಿದ್ರು.

ಗುರುಮಲ್ಲನ ಸರದಿ ಬಂತು. ಕಾವಿ ಬಟ್ಟೆ ಕಂಡು ಸಿಂಗ್ರಯ್ಯ ಎದ್ದು ಕೈ ಮುಗಿದ. ಎಲೆ ಇಟ್ಟ, ಮಸಿ ಸವರಿದ, ದೀಪ ಹತ್ರ ತಂದ.

"ಕಳುವು," ಅಂದ.

ಗುರುಮಲ್ಲ ಎರಡೂ ಕೈ ಮುಗಿದ. ಹೇಳೇ ಇರಲಿಲ್ಲ ಅವನು. ಸುದ್ದಿ ತನಗಿಂತ ಮುಂಚೆ ಪ್ಯಾಟೆ ಸೇರಿರ್ತದೆ ಅಂತ ಅವನ ತಲೆಗೆ ಹೊಳೀಲಿಲ್ಲ.

"ಹೌದು. ಯಾರು?"

"ಒಂದು ಮರ ಕಾಣ್ತಾ ಅದೆ."

"ಬೇವಿನ ಮರಾನಾ? ಮಠದ ಮುಂದೆ ಅದೆ."

"ಅಲ್ಲ. ಅಷ್ಟು ದೊಡ್ಡದಲ್ಲ." ಸಿಂಗ್ರಯ್ಯ ಕಣ್ಣುಜ್ಜಿಕೊಂಡ. "ಮಸುಕಾಗೋಯ್ತು. ಅಂಜನದಮ್ಮ ಕಾಣಿಕೆ ಕೇಳ್ತಾವ್ಳೆ."

ಗುರುಮಲ್ಲ ಗಂಟು ಬಿಚ್ಚಿ ಒಂದು ನೋಟಿಟ್ಟ.

"ಈಗ ಕಾಣ್ತು. ಮರ ಹೆಗಲ ಮೇಲದೆ. ಪಕ್ಕದಲ್ಲಿ ನೀರು."

ಮತ್ತೆ ಮಸುಕಾಯ್ತು. ಮತ್ತೊಂದು ನೋಟು. ಅಮ್ಮನಿಗೆ ಆವತ್ತು ಹಸಿವೋ ಹಸಿವು.

"ಹುಟ್ಟು ಹೊತ್ಕಂಡು ತಿರುಗೋನಾ?" ಗುರುಮಲ್ಲ ಮುಂದಕ್ಕೆ ಬಾಗಿದ. "ಹರಿಗೋಲು ಹಾಕೋನಾ?"

ಸಿಂಗ್ರಯ್ಯ ತಲೆ ಎತ್ತಲಿಲ್ಲ. "ಹೆಸರು ನನ್ನ ಬಾಯಲ್ಲಿ ಬರಬಾರದು. ಅಪ್ಪಣೆ ಇಲ್ಲ. ನೀವೇ ಹೇಳಿ."

"ಸಣ್ಣಬೋರ."

"ನೋಡಿ ಬುದ್ಧಿ," ಅಂದ ಸಿಂಗ್ರಯ್ಯ, "ಎಲೆ ಹೆಂಗೆ ಅಲ್ಲಾಡ್ತು."

ಅಲ್ಲಾಡಿದ್ದು ನಿಜ. ಎಲೆ ಇದ್ದದ್ದು ಅವನ ಕೈಲೇ ಅಲ್ವಾ?

ಸಣ್ಣಬೋರ ಅನ್ನೋನು ಹೊಳೇಲಿ ಜನರನ್ನ ದಾಟಿಸೋನು. ಬಿದಿರು ಹೆಣೆದು ತಳಕ್ಕೂ ಅಂಚಿಗೂ ಟಾರು ಬಳಿದ ಹರಿಗೋಲು ಒಂದೇ ಅವನ ಆಸ್ತಿ. ಹಿಂದೊಂದು ಸಲ ಗುರುಮಲ್ಲ ಹರಿಗೋಲಿಂದ ಇಳಿಯುವಾಗ ಕಾಲು ಜಾರಿ ಕೆಸರಲ್ಲಿ ಕೂತ್ಬುಟ್ಟಿದ್ದ. ಹೆಂಗಸ್ರೆಲ್ಲ ನೋಡ್ತಿದ್ರು. "ಮರಿಬುದ್ಧಿಯೋರಿಗೆ ಪೀಠ ಸಿಕ್ತು," ಅಂತ ಸಣ್ಣಬೋರ ನಕ್ಕಿದ್ದ. ಆವತ್ತಿಂದ ಅವನ ಮುಖ ಕಂಡ್ರೆ ಗುರುಮಲ್ಲನಿಗೆ ಆಗ್ತಿರಲಿಲ್ಲ.

"ಊರೋರು ನಂಬಬೇಕಲ್ಲ," ಅಂದ ಸಿಂಗ್ರಯ್ಯ. "ನಾನೇ ಬತ್ತೀನಿ. ಅಕ್ಕಿ ಮಂತ್ರಿಸಿ ಕೊಡ್ತೀನಿ, ಅವನು ಅಗೀಲಿ. ಕಳ್ಳನ ಬಾಯಲ್ಲಿ ಅಕ್ಕಿ ನೆನೆಯಾಕಿಲ್ಲ. ಅದರ ಖರ್ಚು ಬೇರೆ."

ಗುರುಮಲ್ಲ ಗಂಟು ಪೂರ್ತಿ ಬಿಚ್ಚಿ ಅಲ್ಲೇ ಇಟ್ಟು ಬಂದ.

ಮಾರನೇ ದಿನ ಬಿಸಿಲು ಇಳಿಯೋ ಹೊತ್ತಿಗೆ ಮಠದ ಮುಂದೆ ಊರೇ ಸೇರಿತ್ತು. ಯಜಮಾನ ಕೆಂಡಗಣ್ಣಪ್ಪ ಮುಂದೆ. ಅವನ ಹಿಂದೆ ದೊಣ್ಣೆ ಹಿಡಿದ ಆಳುಗಳು. ಸಣ್ಣಬೋರನ್ನ ರಟ್ಟೆ ಹಿಡಿದು ಎಳ್ಕಂಡು ಬಂದ್ರು. ಹೆಂಡ್ತಿ ದೇವಮ್ಮ ಹಿಂದೆಯೇ ಓಡಿ ಬಂದ್ಲು.

"ಅಕ್ಕಿ ನೆನೆದ್ರೆ ಮನೆಗೆ ಹೋಗು," ಅಂದ ಕೆಂಡಗಣ್ಣಪ್ಪ. "ನೆನೀಲಿಲ್ವಾ, ನಿನ್ನ ಹರಿಗೋಲು ಸುಡ್ತೀವಿ. ನೀನು ಊರು ಬುಡು."

"ಯಜಮಾನ್ರೇ, ನಾನು ಆ ಕೋಣೆ ಬಾಗಿಲೂ ಕಂಡೋನಲ್ಲ."

"ಅದನ್ನ ಅಕ್ಕಿ ಹೇಳ್ತದೆ."

ಇಬ್ಬರು ಆಳುಗಳು ಆಗಲೇ ಹರಿಗೋಲನ್ನ ದಡಕ್ಕೆ ಎಳೆದು ಬೋರಲು ಹಾಕಿ, ಕೆಳಗೆ ಕಬ್ಬಿನ ಒಣ ಸೋಗೆ ತುರುಕಿದ್ರು. ಒಬ್ಬನ ಕೈಲಿ ಬೆಂಕಿಪೊಟ್ಟಣ. ದೇವಮ್ಮ ಹೋಗಿ ಹರಿಗೋಲು ಮೇಲೆ ಕೈ ಚಾಚಿ ಒರಗಿದ್ಲು. ಅವಳು ಅಳ್ತಾ ಇರಲಿಲ್ಲ. ಅದನ್ನ ನೋಡೋಕೆ ಗುರುಮಲ್ಲನಿಗೆ ಆಗಲಿಲ್ಲ, ಮುಖ ತಿರುಗಿಸ್ಕಂಡ.

ಸಿಂಗ್ರಯ್ಯ ಏನೋ ಮಣಮಣ ಅಂದು ಒಂದು ಹಿಡಿ ಅಕ್ಕಿ ಕೊಟ್ಟ. ಸಣ್ಣಬೋರ ಅಗಿದ. ಅಗಿದೇ ಅಗಿದ. ಅವನ ಕಣ್ಣು ಒಂದು ಸಲ ದೊಣ್ಣೆ ಮೇಲೆ, ಒಂದು ಸಲ ಹೆಂಡ್ತಿ ಮೇಲೆ.

"ಉಗಿ," ಅಂತ ಸಿಂಗ್ರಯ್ಯ ಒಂದು ಬಾಳೆಲೆ ಮುಂದೆ ಹಿಡಿದ.

ಎಲೆ ಮೇಲೆ ಬಿದ್ದದ್ದು ಒಣ ಹಿಟ್ಟು. ಗಾಳಿಗೆ ಹಾರಿತು.

ಜನ ಒಂದೇ ಸಲ ಹೋ ಅಂತ ಕೂಗಿದ್ರು. ಆಳು ಕಡ್ಡಿ ಗೀರಿದ.

"ನಂಗೂ ಒಂದಿಷ್ಟು ಅಕ್ಕಿ ಕೊಡಪ್ಪ," ಅಂದ್ರು ದೊಡ್ಡಬುದ್ಧಿ.

ಅಲ್ಲೀವರೆಗೂ ಅವರು ಬೇವಿನ ಮರದಡೀಲೇ ಕೂತಿದ್ರು. ಸಿಂಗ್ರಯ್ಯ ಗಾಬರಿಯಾದ. "ನಿಮಗ್ಯಾಕೆ ಬುದ್ಧಿ?"

"ಗದ್ದಿಗೆ ಕೋಣೆಗೆ ದಿನಾ ಹೋಗೋನು ನಾನೂ ಅಲ್ವಾ? ಕೊಡು."

ಕೊಡದೇ ವಿಧಿ ಇಲ್ಲ. ದೊಡ್ಡಬುದ್ಧಿ ಅಕ್ಕಿ ಬಾಯಿಗೆ ಹಾಕ್ಕಂಡು ಹಸು ಮೆಲುಕು ಹಾಕಿದಂಗೆ ಅಗಿದ್ರು. ಊರೆಲ್ಲ ಅವರ ದವಡೆ ನೋಡ್ತಾ ನಿಂತ್ಕತು. ಆಮೇಲೆ ಸಣ್ಣಬೋರ ಉಗಿದಿದ್ದ ಎಲೆ ಮೇಲೇ ಉಗಿದ್ರು.

ಅದೂ ಒಣ ಹಿಟ್ಟೇ.

ಜನ ಮುಂದಕ್ಕೆ ನುಗ್ಗಿ ಎಲೆ ನೋಡಿದ್ರು.

"ಕೆಂಡಗಣ್ಣ," ಅಂದ್ರು ದೊಡ್ಡಬುದ್ಧಿ, "ಅವನದು ಸುಡೋಕೆ ಮುಂಚೆ ಮಠ ಸುಡು. ಹಿರೀ ಕಳ್ಳ ನಾನು."

"ಬುಡ್ತು ಅನ್ನಿ ಬುದ್ಧಿ."

ಸಿಂಗ್ರಯ್ಯ ಮಧ್ಯೆ ಬಾಯಿ ಹಾಕಿದ. "ಅದು ಹಂಗಲ್ಲ ಯಜಮಾನ್ರೇ. ವಯಸ್ಸಾದೋರ ಬಾಯಿ. ಹಂಗೇ ಒಣಗಿರ್ತದೆ."

"ಹೌದಾ," ಅಂದ್ರು ದೊಡ್ಡಬುದ್ಧಿ. "ನಂದು ವಯಸ್ಸಿಗೆ ಒಣಗ್ತು. ಸಣ್ಣಬೋರ, ನಿಂದು ಯಾತಕ್ಕೆ ಒಣಗ್ತು?"

ಸಣ್ಣಬೋರ ಆಳುಗಳ ಕಡೆ ನೋಡಿದ. "ಆ ದೊಣ್ಣೆ ನೋಡಿ ಬುದ್ಧಿ."

ಹಿಂದೆ ಯಾರೋ ಒಬ್ಬ ನಕ್ಕ. ಇನ್ನೊಬ್ಬ ಸೇರ್ಕಂಡ. ಕಡ್ಡಿ ಮೇಲೆ ಕಡ್ಡಿ ಗೀರ್ತಿದ್ದ ಆಳಿನ ಬೆರಳು ಸುಟ್ಟು, ಅವನು ಕೈ ಒದರಿಕೊಂಡ. ಕೆಂಡಗಣ್ಣಪ್ಪ ಹೆಗಲ ಮೇಲಿನ ಟವಲ್ಲಿಂದ ಮುಖ ಒರೆಸ್ಕಂಡು, "ಹರಿಗೋಲು ನೀರಿಗೆ ಬುಡ್ರೋ," ಅಂದ. ಜನ ಚದುರಿದ್ರು. ಸಿಂಗ್ರಯ್ಯ ಯಾವಾಗ ಜಾಗ ಖಾಲಿ ಮಾಡಿದ್ನೋ ಯಾರೂ ನೋಡಲಿಲ್ಲ.

ಗುರುಮಲ್ಲ ಮಾತ್ರ ಕುದೀತಿದ್ದ.

"ಬುದ್ಧಿ, ನೀವು ಕಳ್ಳನ್ನ ಬಿಟ್ಟು ಕಳಿಸಿದ್ರಿ."

"ಅವನೇ ಕಳ್ಳ ಅಂತ ಯಾರು ಹೇಳಿದ್ರು?"

"ಅಂಜನ ಹೇಳ್ತು."

ದೊಡ್ಡಬುದ್ಧಿ ಗೂಡಿಗೆ ಕೈ ಹಾಕಿದ್ರು. ಖಾಲಿ. ರಾಗಿ ಮಡಕೆ ಒಳಗೆ ಇಣುಕಿದ್ರು. ಅದೂ ಖಾಲಿ.

"ಬೆಳಿಗ್ಗೆ ಆಚೆ ದಡಕ್ಕೆ ಹೋಗ್ಬೇಕು," ಅಂದ್ರು. "ಯಾರಾದ್ರೂ ಕಡ ಕೊಟ್ರೆ ಒಂದು ಮೂಟೆ ರಾಗಿ ತರೋಣ. ನೀನೂ ಬಾ."

ಹೊಳೆ ದಾಟೋಕೆ ಇರೋದು ಒಂದೇ ಹರಿಗೋಲು.

ಬೆಳಿಗ್ಗೆ ಸಣ್ಣಬೋರ ದೊಡ್ಡಬುದ್ಧಿಗೆ ಕೈ ಕೊಟ್ಟು ಹತ್ತಿಸ್ಕಂಡ. ಗುರುಮಲ್ಲನಿಗೆ ಕೊಡಲಿಲ್ಲ. ಅವನೇ ಅಂಚು ಹಿಡ್ಕಂಡು ಹತ್ತಿದ.

ಹೊಳೆ ತುಂಬಿ ಹರೀತಿತ್ತು. ನಡು ನೀರಿಗೆ ಬಂದ ಮೇಲೆ ಸಣ್ಣಬೋರ ಹುಟ್ಟು ಎತ್ತಿ ತೊಡೆ ಮೇಲೆ ಅಡ್ಡ ಇಟ್ಕಂಡ.

ಹುಟ್ಟು ಎತ್ತಿದ್ರೆ ಹರಿಗೋಲು ಸುಮ್ನೆ ನಿಲ್ಲಾಕಿಲ್ಲ. ತಿರುಗೋಕೆ ಶುರುವಾಯ್ತು. ಒಂದು ಸಲ ಮಠ ಕಾಣ್ತು, ಒಂದು ಸಲ ಆಚೆ ದಡ.

"ಮರಿಬುದ್ಧಿಯೋರೇ," ಅಂದ ಸಣ್ಣಬೋರ. "ಈಜು ಬತ್ತದಾ?"

"ಇಲ್ಲ."

"ನನ್ನ ಹೆಸರು ಯಾಕೆ ಹೇಳಿದ್ರಿ?"

"ನಾನು ಹೇಳಲಿಲ್ಲ. ಅಂಜನದಲ್ಲಿ ಕಾಣ್ತು."

"ನನ್ನ ಮುಖಾನೇ ಕಾಣ್ತಾ?"

ಗುರುಮಲ್ಲ ಅಂಚು ಬಿಗಿಯಾಗಿ ಹಿಡ್ಕಂಡ. ನೀರು ಒಳಗೆ ಚಿಮ್ತಾ ಇತ್ತು. ಗುರುಗಳ ಕಡೆ ನೋಡಿದ.

ದೊಡ್ಡಬುದ್ಧಿ ಆಕಳಿಸಿದ್ರು. "ಸಣ್ಣಬೋರ, ಎಲೆ ಅದಾ?"

ಸಣ್ಣಬೋರ ಸೊಂಟದ ಸಂಚಿಯಿಂದ ಒಂದು ವೀಳ್ಯದೆಲೆ ತೆಗೆದು ಕೊಟ್ಟ. ದೊಡ್ಡಬುದ್ಧಿ ಹರಿಗೋಲಿನ ಅಂಚಿಗೆ ಬೆರಳು ಉಜ್ಜಿ, ಬಂದಷ್ಟು ಟಾರನ್ನ ಎಲೆಗೆ ಸವರಿದ್ರು. ಎಲೆ ಮುಖದ ಹತ್ರ ಹಿಡಿದ್ರು.

"ನಿಂಗೂ ಕಳ್ಳ ಯಾರು ಅಂತ ಗೊತ್ತಾಗ್ಬೇಕಲ್ವಾ?"

"ಗೊತ್ತಾಗ್ಬೇಕು ಬುದ್ಧಿ. ನನ್ನ ಹೆಂಡ್ತಿ ರಾತ್ರಿಯಿಂದ ಅನ್ನ ಮುಟ್ಟಿಲ್ಲ."

"ಮಠ ಕಾಣ್ತಾ ಅದೆ," ಅಂದ್ರು ದೊಡ್ಡಬುದ್ಧಿ. ಅವರ ದನಿ ತಗ್ಗಿತು. "ಒಬ್ಬ ಗಂಡಸು. ಬಟ್ಟೆ ಕಾಣ್ತದೆ. ಬಣ್ಣ ತಿಳೀತಿಲ್ಲ."

ಸಣ್ಣಬೋರ ಮುಂದಕ್ಕೆ ಬಾಗಿದ. ಹರಿಗೋಲು ಓಲಾಡ್ತು. "ಕಾವಿನಾ ಬುದ್ಧಿ?"

"ಇರ್ಬೌದು. ಸೊಂಟದ ತಾವ ಏನೋ ಸಣ್ಣದು."

"ಬೀಗದ ಕೈ." ಸಣ್ಣಬೋರನ ಕಣ್ಣು ಕೆಂಪಗಾಯ್ತು. ಹುಟ್ಟನ್ನ ಎರಡೂ ಕೈಲಿ ಹಿಡಿದು ಎತ್ತಿದ. "ನಂಗೆ ಮೊದ್ಲೇ ಗೊತ್ತಿತ್ತು. ಇವರೇ. ತಾವೇ ತಗಂಡು ನನ್ನ ತಲೇಗೆ ಕಟ್ಟವ್ರೆ."

ಗುರುಮಲ್ಲ ಹಿಂದಕ್ಕೆ ಸರಿದ. ಹಿಂದೆ ಹೊಳೆ.

"ಹುಟ್ಟು ಇಳಿಸು," ಅಂದ್ರು ದೊಡ್ಡಬುದ್ಧಿ.

"ನಿಮ್ಮ ಬಾಯಲ್ಲೇ ಬಂತಲ್ಲ ಬುದ್ಧಿ."

"ಕಾವಿ ಅಂದಿದ್ದು ಯಾರು? ಬೀಗದ ಕೈ ಅಂದಿದ್ದು ಯಾರು?"

ಸಣ್ಣಬೋರ ಗುರುಗಳ ಕೈಲಿದ್ದ ಎಲೆಯನ್ನ, ತನ್ನ ಹರಿಗೋಲಿನ ಅಂಚನ್ನ, ಎರಡನ್ನೂ ನೋಡಿದ. ಹುಟ್ಟು ನಿಧಾನಕ್ಕೆ ಕೆಳಗಿಳೀತು.

ಗುರುಮಲ್ಲ ಗುರುಗಳ ಕಡೆ ತಿರುಗಿದ.

"ನಾನು ಕದ್ದಿಲ್ಲ ಬುದ್ಧಿ. ನಿಮ್ಮ ಪಾದದಾಣೆ. ಆ ಎಲೇಲಿ ಬರೀ ಟಾರು. ಅದನ್ನ ನಂಬಿ ಇವನು ನನ್ನ ಹೊಳೆಗೆ ನೂಕ್ತಿದ್ನಲ್ಲ?"

ದೊಡ್ಡಬುದ್ಧಿ ಎಲೆಯನ್ನ ನೀರಿಗೆ ಬಿಟ್ಟು ಕೈ ತೊಳ್ಕಂಡ್ರು.

"ಇವನಿಗೆ ನಾನು ಬಿಟ್ಟಿ ಹಾಕಿದೆ ಕಣ್ಲಾ ಮಲ್ಲ. ಇದೇ ಅಂಜನಕ್ಕೆ ನೀನು ಕೊಟ್ಟು ಬಂದಿದ್ದು ಮುನ್ನೂರ ನಲವತ್ತೇಳು ರೂಪಾಯಿ."