ಕೆಂದಳಿಲಿನ ಕಾವಲು

ಮಕ್ಕಳೇ, ಒಂದು ಕಾಡಿನ ನಡುವೆ ಕೆರೆಯಿತ್ತು. ಅದರ ದಡದಲ್ಲಿ ಎತ್ತರದ ಮತ್ತಿಮರ. ಮರದ ತುದಿಯಲ್ಲಿ ದಿನಾ ಬೆಳಿಗ್ಗೆ ಬೂದಜ್ಜ ಕೂರುತ್ತಿದ್ದ. ಬೂದಜ್ಜ ಎಂದರೆ ಕಪ್ಪು ಮೂತಿಯ, ಉದ್ದ ಬಾಲದ ಮುದಿ ಮುಸುವ. ಜಿಂಕೆಗಳು ನೀರು ಕುಡಿಯುವಾಗ ಚಿರತೆ ಬಂತೇ ಎಂದು ಕಾಯುವುದು ಅವನ ಕೆಲಸ.

ಅದೇ ಮರದಲ್ಲಿ ಚಿಗುರಿ ಎಂಬ ಕೆಂದಳಿಲು, ಅಂದರೆ ಕೆಂಪು ಮೈಯ ದೊಡ್ಡ ಅಳಿಲು, ಇದ್ದಳು. ನಿಂತಲ್ಲಿ ನಿಲ್ಲದ ಹುಡುಗಿ! ಒಂದು ದಿನ ಪೊದೆಯಲ್ಲಿದ್ದ ಹೆಬ್ಬಾವು ಅವಳ ಕಣ್ಣಿಗೆ ಬಿತ್ತು. "ಹಾವು! ಹಾವು! ಓಡಿ!" ಎಂದು ಕಿರುಚಿದಳು. ಜಿಂಕೆಗಳೆಲ್ಲ ದಿಕ್ಕಾಪಾಲಾಗಿ ಓಡಿ ಬದುಕಿಕೊಂಡವು.

"ಭಲೇ ಚಿಗುರಿ!" ಎಂದಳು ಹೊನ್ನಿ ಜಿಂಕೆ. ಅವಳ ಮರಿ ಕುಣಿದಾಡಿತು.

ಚಿಗುರಿಗೆ ಮೈಯೆಲ್ಲ ಪುಳಕ. "ಅಜ್ಜಾ, ಇದು ಎಷ್ಟು ಮಜಾ! ನಾಳೆಯಿಂದ ಕಾವಲು ನನ್ನದು. ನೀನು ಪಕ್ಕದ ಮರದಲ್ಲಿ ಹಾಯಾಗಿರು!"

"ಆಗಲಿ ಮಗಳೇ," ಎಂದ ಬೂದಜ್ಜ. "ಆದರೆ ಏನೂ ಕಾಣದ ದಿನವೂ ಕೂರಬೇಕು."

"ಓಹೋ, ಅದೇನು ಮಹಾ!"

ಮೊದಲ ದಿನ ಚಿಗುರಿ ಎವೆಯಿಕ್ಕದೆ ಕಾದಳು. ಎರಡನೆಯ ದಿನವೂ ಕಾದಳು. ಏನೂ ಬರಲಿಲ್ಲ. ಮೂರನೆಯ ದಿನ ಆಕಳಿಕೆ ಬಂತು. ನಾಲ್ಕನೆಯ ದಿನ ಗಾಳಿಯಲ್ಲಿ ಅತ್ತಿಹಣ್ಣಿನ ಘಮ ತೇಲಿಬಂತು.

"ಒಂದೇ ಒಂದು ಹಣ್ಣು ತಿಂದು ಬಂದುಬಿಡುತ್ತೇನೆ," ಎಂದು ಚಿಗುರಿ ಚಂಗನೆ ಹಾರಿದಳು. ಒಂದು ಹೋಗಿ ಹತ್ತಾಯಿತು!

ಅದೇ ಹೊತ್ತಿಗೆ ಹುಲ್ಲು ಅಲುಗಿತು. ಚಿರತೆ! ಹೊಟ್ಟೆಯನ್ನು ನೆಲಕ್ಕೆ ಒತ್ತಿಕೊಂಡು, ಹೊನ್ನಿಯ ಮರಿಯತ್ತ ಒಂದೊಂದೇ ಹೆಜ್ಜೆ ಇಡುತ್ತಿತ್ತು. ಮರಿ ಮಾತ್ರ ತಲೆ ತಗ್ಗಿಸಿ ನೀರು ಹೀರುತ್ತಿತ್ತು.

"ಖ್ಯಾಕ್! ಖ್ಯಾಕ್! ಚಿರತೆ!"

ಪಕ್ಕದ ಮರದಿಂದ ಕೂಗಿದವನು ಬೂದಜ್ಜ! ಚಿರತೆ ನೆಗೆಯಿತು. ಮರಿಯೂ ನೆಗೆಯಿತು. ಉಗುರು ಬಾಲದ ಕೂದಲನ್ನಷ್ಟೇ ಸವರಿತು. ಮರಿ ದಡ ಹತ್ತಿ, ಪೊದೆ ದಾಟಿ, ತಾಯಿಯ ಹಿಂದೆ ಬಾಣದಂತೆ ಓಡಿತು. ಚಿರತೆ ಕೆಸರಿನಲ್ಲಿ ಬಿದ್ದು, ಮೈ ಕೊಡವಿಕೊಂಡು, ಗುರುಗುಟ್ಟುತ್ತ ಹೊರಟುಹೋಯಿತು.

ಚಿಗುರಿ ಓಡೋಡಿ ಬಂದಳು. "ಅಜ್ಜಾ, ನಿನಗೆ ಬಿಡುವಿತ್ತಲ್ಲ. ನೋಡು ಎಂದು ಯಾರು ಹೇಳಿದರು?"

"ಯಾರೂ ಹೇಳಲಿಲ್ಲ ಮಗಳೇ. ನೀರಿಗೆ ಅವರ ತಲೆ ತಗ್ಗಿದರೆ ನನ್ನ ತಲೆ ತಾನಾಗಿ ಮೇಲೇಳುತ್ತದೆ."

"ನಿನಗೆ ಬೇಸರವೇ ಆಗುವುದಿಲ್ಲವೇ?"

"ಆಗುತ್ತದೆ. ಬೇಸರದಲ್ಲೂ ಕೂರುತ್ತೇನೆ."

ಚಿಗುರಿ ಮರದಿಂದ ಇಳಿದಳು. ಆಮೇಲೆ ಹೊನ್ನಿಯ ಬಳಿ ಹೋಗಿ, "ತಪ್ಪಾಯಿತು ಅಕ್ಕಾ. ನನ್ನದು ಬರೀ ಆಟ. ಅದನ್ನೇ ಕಾವಲೆಂದು ನಂಬಿಸಿ ನಿಮ್ಮನ್ನು ನೀರಿಗಿಳಿಸಿದೆ," ಎಂದಳು. ಮತ್ತೆ ಬೂದಜ್ಜನತ್ತ ತಿರುಗಿ, "ಮನಸ್ಸಾದಾಗ ನಾನೂ ನಿನ್ನ ಜೊತೆ ಕೂರುತ್ತೇನೆ. ಆದರೆ ಅಜ್ಜಾ, ನಾನು ಎಷ್ಟೇ ಹೇಳಿದರೂ ನೀನು ಮಾತ್ರ ಕಾವಲು ಬಿಟ್ಟು ಇಳಿಯಬೇಡ!" ಎಂದಳು.

ನೀತಿ: ಮನಸ್ಸು ಬಂದಾಗ ಮಾಡುವುದು ಹವ್ಯಾಸ, ಮನಸ್ಸು ಬಾರದಾಗಲೂ ಬಿಡದೆ ಮಾಡುವುದು ಕಾಯಕ.