ಹಳ್ಳ ದಾಟಿದ ರಾಚಯ್ಯ

ಬಹಳ ಹಿಂದೆ, ಯಾವ ಕಾಲವೆಂದು ಹೇಳಲು ಈಗ ಯಾರೂ ಉಳಿದಿಲ್ಲ, ಎರೆಮಣ್ಣಿನ ಸೀಮೆಯಲ್ಲಿ ಹಿರೇಮಗ್ಗಿ ಎಂಬ ನೇಕಾರರ ಊರೊಂದಿತ್ತು. ಆ ಊರಿನ ಮನೆಮನೆಗೂ ರಾಚಯ್ಯನೇ ವೈದ್ಯ. ಹುಟ್ಟಿದ ಕೂಸಿಗೆ ಬಜೆ ತೇಯ್ದು ನೆಕ್ಕಿಸುವವನೂ ಅವನೇ, ಸಾಯುವ ಮುದುಕನ ನಾಡಿ ಹಿಡಿದು ಕೂರುವವನೂ ಅವನೇ. ಲಿಂಗಪೂಜೆ ಮುಗಿಸಿ ಕಟ್ಟೆಗೆ ಬಂದು ಕೂತನೆಂದರೆ ಜನ ಸೇರುತ್ತಿದ್ದರು. ಒಬ್ಬರ ನೋವನ್ನು ಎಲ್ಲರೂ ಕೇಳುತ್ತಿದ್ದರು, ಕೇಳಿ ತಮ್ಮದೂ ಒಂದು ಮಾತು ಸೇರಿಸುತ್ತಿದ್ದರು.

ಆದರೆ ಊರಿಗೊಂದು ಕಟ್ಟಳೆ ಇತ್ತು ಎನ್ನುತ್ತಾರೆ. ಗುಪ್ತ ಜಾಗದ ಬೇನೆಯನ್ನು ಊರ ವೈದ್ಯ ಮುಟ್ಟುವಂತಿಲ್ಲ. ಅದಕ್ಕೆ ಹಳ್ಳದಾಚೆ, ಹಾಳುಬಿದ್ದ ಸುಣ್ಣದ ಭಟ್ಟಿಯ ಹತ್ತಿರ, ಹುಸೇನಜ್ಜನೆಂಬ ಹಕೀಮನಿದ್ದ. ಕೈಗುಣ ಒಳ್ಳೆಯದೇ. ಆದರೆ ಹಳ್ಳ ದಾಟಿದ ದಾರಿ ಅವನ ಗುಡಿಸಲಿಗಲ್ಲದೆ ಬೇರೆಲ್ಲಿಗೂ ಹೋಗುತ್ತಿರಲಿಲ್ಲ. ಹಳ್ಳದಲ್ಲಿ ಸದಾ ನೂಲು ತೊಳೆಯುವ ಹೆಂಗಸರು. ದಾಟಿದವರು ಆಚೆ ದಂಡೆ ಮುಟ್ಟುವುದರೊಳಗೆ ಅವರ ಬೇನೆ ಏನೆಂದು ಊರಿಗೆಲ್ಲ ಗೊತ್ತು. ಹೀಗಾಗಿ ಜನ ಬೇನೆ ತಿಂದರು, ಹಳ್ಳ ದಾಟಲಿಲ್ಲ.

ಒಂದು ದಿನ ಈರಭದ್ರನೆಂಬ ನೇಕಾರನ ಹೆಂಡತಿ ಕೊಟ್ರವ್ವ ಕಟ್ಟೆಗೆ ಬಂದಳು. ಹೊಟ್ಟೆನೋವು ಎಂದಳು. ಮತ್ತೊಂದೆರಡು ಮಾತು ಕೇಳುವಾಗಲೇ ಇದು ಬೇರೆ ಬೇನೆಯೆಂದು ರಾಚಯ್ಯನಿಗೆ ತಿಳಿಯಿತು. ಅವನಿಗಿಂತ ಮೊದಲು ಊರ ವೈದ್ಯನಾಗಿದ್ದ ಅಪ್ಪ ಹೇಳುತ್ತಿದ್ದುದನ್ನೇ ಅವನೂ ಹೇಳಿದ, ದನಿ ತಗ್ಗಿಸಿ, ಹಳ್ಳದಾಚೆ ಹೋಗವ್ವ ಎಂದ. ದನಿ ತಗ್ಗಿಸಿದ್ದೇ ತಪ್ಪಾಯಿತು. ಕಟ್ಟೆಯೆಲ್ಲ ಕಿವಿಯಾಯಿತು. ಕೊಟ್ರವ್ವ ಸೆರಗು ಎಳೆದುಕೊಂಡು ಎದ್ದುಹೋದಳು.

ಕೆಲವು ದಿನಗಳ ಮೇಲೆ ರಾಚಯ್ಯ ನೇಕಾರ ಓಣಿಗೆ ಹೋದಾಗ ಈರಭದ್ರನ ಮನೆಯ ಮಗ್ಗ ಸುಮ್ಮನಿತ್ತು. ಒಳಗೆ ಕೊಟ್ರವ್ವ ಜ್ವರದಲ್ಲಿ ಬೇಯುತ್ತ ಗೋಡೆಗೆ ಮುಖಮಾಡಿ ಮಲಗಿದ್ದಳು. ಹಕೀಮನ ಹತ್ತಿರ ಯಾಕೆ ಹೋಗಲಿಲ್ಲವೆಂದು ಕೇಳಿದ.

"ಹಳ್ಳ ದಾಟಿದ ಮ್ಯಾಲ ಯಾವ ಮೋತಿ ಹೊತ್ತು ತಿರುಗಿ ಬರ್ಲಿ ಅಯ್ಯಾರ? ಇಲ್ಲೇ ಸತ್ರ, ಜ್ವರ ಬಂದು ಸತ್ಲು ಅಂತಾರ. ಅದ ಚೊಲೊ."

ಮರುದಿನ ಪೂಜೆಗೆ ಕೂತರೆ ರಾಚಯ್ಯನ ಮನಸ್ಸು ನಿಲ್ಲಲಿಲ್ಲ. ಶಿವ ಕೊಟ್ಟದ್ದು ಒಂದೇ ದೇಹ. ಇಷ್ಟು ನನ್ನ ಪಾಲು, ಇಷ್ಟು ಹಳ್ಳದಾಚೆಯವನ ಪಾಲು ಎಂದು ಗೆರೆ ಎಳೆದವರು ಯಾರು? ಆ ಹೆಂಗಸನ್ನು ಜ್ವರ ಕೊಲ್ಲುತ್ತಿಲ್ಲ, ನಾನು ತೋರಿಸಿದ ದಾರಿ ಕೊಲ್ಲುತ್ತಿದೆ ಎಂದುಕೊಂಡ. ಎದ್ದವನೇ ವಿಭೂತಿ ಹಚ್ಚಿಕೊಂಡು, ನಡುಹಗಲಲ್ಲಿ, ಎಲ್ಲರೂ ಕಾಣುವ ಹಾಗೆ ಹಳ್ಳಕ್ಕಿಳಿದ.

ನೂಲು ತೊಳೆಯುವವರ ಕೈ ನಿಂತವು. "ಏನ್ರೀ ಅಯ್ಯಾರ, ನಿಮಗೂ ಬಂತೇನ್ರಿ?" ಎಂದಳು ಬಾಯಿಬಡುಕಿಯೊಬ್ಬಳು. ಉಳಿದವರು ಸೆರಗಿನಲ್ಲಿ ನಕ್ಕರು.

"ಯಾರಿಗೆ ಬಂದೈತೋ ಅವರು ಹೋಗವಲ್ರವ್ವ. ಅದಕ್ಕ ನಾನ ಹೊಂಟೀನಿ."

ಆ ಮಾತನ್ನು ಯಾರೂ ನಂಬಲಿಲ್ಲ, ಬೇನೆ ಅಯ್ಯನದೇ ಎಂದು ಊರೆಲ್ಲ ಆಡಿಕೊಂಡಿತು. ಆ ದಿನ ಹಳ್ಳದ ನೀರು ಇಬ್ಭಾಗವಾಗಿ ಅಯ್ಯನಿಗೆ ದಾರಿ ಬಿಟ್ಟಿತೆಂದು ಕೆಲವರು ಹೇಳುತ್ತಾರೆ. ಮೊಣಕಾಲುದ್ದ ನೀರಿನಲ್ಲಿ ಧೋತರ ನೆನೆಸಿಕೊಂಡೇ ಹೋದನೆಂದು ಇನ್ನು ಕೆಲವರು ಹೇಳುತ್ತಾರೆ. ನೆನೆದದ್ದೇ ದೊಡ್ಡದು.

ಹುಸೇನಜ್ಜ ಕಷಾಯ ಕಾಸಿಕೊಟ್ಟ. ಗಂಡನಿಗೂ ಕುಡಿಸಬೇಕು, ಒಬ್ಬರಿಗೇ ಕೊಟ್ಟರೆ ಬೇನೆ ಮತ್ತೆ ಮನೆಗೆ ಬರುತ್ತದೆ ಎಂದ. ಈರಭದ್ರ ಸೀರೆ ಮಾರಲು ದೂರದ ಪೇಟೆಗಳಿಗೆ ಹೋಗಿ ಬರುವವನು. ರಾಚಯ್ಯ ಕಷಾಯ ತಂದು ಮುಂದಿಟ್ಟರೆ ತನಗೇನೂ ಆಗಿಲ್ಲ ಎಂದು ಹಟ ಹಿಡಿದ.

"ಊರೆಲ್ಲ ಇದು ನನ್ನ ಬೇನಿ ಅಂತ ತಿಳ್ಕೊಂಡೈತಿ," ಎಂದ ರಾಚಯ್ಯ. "ನಿನ್ನ ಮಾನಕ್ಕ ಏನೂ ಆಗಿಲ್ಲ. ಕುಡಿ."

ಈರಭದ್ರ ತಲೆ ತಗ್ಗಿಸಿ ಕುಡಿದ. ಕೊಟ್ರವ್ವನೂ ಕುಡಿದಳು. ಜ್ವರ ಇಳಿಯಿತು, ಬೇನೆ ಹೋಯಿತು. ಆದರೆ ರಾಚಯ್ಯ ಹಳ್ಳ ದಾಟುವುದನ್ನು ಬಿಡಲಿಲ್ಲ. ಆ ವಿದ್ಯೆ ಪೂರ್ತಿ ಕಲಿಯುವವರೆಗೆ ಹೋದ, ಊರು ನಗುವಷ್ಟು ನಗಲಿ ಎಂದು ಹೋದ. ಕೊನೆಗೆ ಹುಸೇನಜ್ಜನನ್ನೇ ಕರೆತಂದು ತನ್ನ ಪಡಸಾಲೆಯಲ್ಲಿ ಚಾಪೆ ಹಾಸಿಕೊಟ್ಟ.

ಕೊಟ್ರವ್ವ ಮಗ್ಗಕ್ಕೆ ಕೂತವಳು ಮೊದಲು ನೇಯ್ದದ್ದು ಸೀರೆಯಲ್ಲ, ದಪ್ಪನೆಯ ಪರದೆ. ಅದನ್ನು ಪಡಸಾಲೆಗೆ ಅಡ್ಡ ಕಟ್ಟಿ ರಾಚಯ್ಯ ಊರಿಗೆ ಹೇಳಿದನಂತೆ: ಕಾಲಿಗೆ ಮುಳ್ಳು ಚುಚ್ಚಿದ್ದರೂ ಇದರೊಳಗೇ ಬರಬೇಕು, ಒಬ್ಬೊಬ್ಬರೇ ಬರಬೇಕು. ಒಳಗೆ ಬಂದವರು ಯಾರೇ ಇರಲಿ, ಎಲ್ಲಾ ಕೇಳಿದ ಮೇಲೆ, "ಹೇಳಾಕ ಬಾರದ್ದು ಏನರ ಐತೇನು?" ಎಂದು ಕೇಳುತ್ತಿದ್ದ. ಮುದುಕಿಗೂ ಅದೇ ಪ್ರಶ್ನೆ, ಗೌಡನಿಗೂ ಅದೇ. ಎಲ್ಲರನ್ನೂ ಕೇಳಿದ್ದರಿಂದ ಯಾರಿಗೂ ಅವಮಾನವಾಗಲಿಲ್ಲ. ಒಂದು ದಿನ ಹಲ್ಲುನೋವೆಂದು ಒಳಹೋದ ಗೌಡ ಬಹಳ ಹೊತ್ತು ಹೊರಗೆ ಬರಲಿಲ್ಲ ಎನ್ನುತ್ತಾರೆ.

ಅವರೆಲ್ಲ ಹೋದರು. ಈಗ ಹಿರೇಮಗ್ಗಿಯಲ್ಲಿ ಡಾಕ್ಟರರ ದವಾಖಾನೆ ಇದೆ. ಅಲ್ಲೂ ಅಂಥದೇ ಪರದೆ. ಅದು ಹಳತಾದಾಗ ನೇಕಾರ ಓಣಿಯವರು ಹೊಸದು ನೇಯ್ದು ತಂದು ಕಟ್ಟುತ್ತಾರೆ, ಕಟ್ಟುವಾಗ ರಾಚಯ್ಯನ ಹೆಸರನ್ನೂ ಹುಸೇನಜ್ಜನ ಹೆಸರನ್ನೂ ನೆನೆಯುತ್ತಾರೆ. ಹೊಸ ಡಾಕ್ಟರು ಬಂದರೆ ಊರ ಹಿರಿಯರು ಮೊದಲು ಆ ಪ್ರಶ್ನೆಯನ್ನು ಹೇಳಿಕೊಡುತ್ತಾರೆ. ಮದುವೆಯಾಗಿ ಬಂದ ಸೊಸೆಯನ್ನು ಅತ್ತೆಯೇ ಅಲ್ಲಿಗೆ ಕರೆತಂದು ಒಳಗೆ ಕಳಿಸಿ, ತಾನು ಹೊರಗೆ ಕೂರುತ್ತಾಳೆ. ಸೊಸೆ ಹೊರಬಂದ ಮೇಲೆ ಇಬ್ಬರೂ ಮನೆಗೆ ನಡೆಯುತ್ತಾರೆ. ಒಳಗೆ ಏನು ಹೇಳಿದೆ ಎಂದು ಅತ್ತೆ ಕೇಳುವುದಿಲ್ಲ.