ಕೆಸರಿನ ಮೇಲೆ ತೇಲಿದ ಅಗಲ ಟೈರು

ನಾನು ಜೀಪಿನ ಅಗಲ ಟೈರು. ಉತ್ತಯ್ಯನವರು ತಮ್ಮ ಜೀಪಿಗೆ ನಮ್ಮನ್ನು ಹಾಕಿಸಿದ ದಿನವೇ, ಹಾಲು ಸಾಗಿಸುವ ಬೊಳ್ಳಮ್ಮನವರ ಹಳೇ ಜೀಪಿನ ಸಪೂರ ಟೈರನ್ನು ಕಂಡು ನಕ್ಕೆ.

“ಇಷ್ಟು ತೆಳ್ಳಗಿದ್ದರೆ ಕೆಸರಿನಲ್ಲಿ ಹೂತುಹೋಗುವುದಿಲ್ಲವೇ?”

“ಹೂತುಹೋಗುತ್ತೇನೆ,” ಎಂದಿತು ಅದು.

“ನಾನು ಹಾಗಲ್ಲ. ಮರಳಿನ ಮೇಲೂ ತೇಲುತ್ತೇನೆ!”

ಮಾತೇನೂ ಸುಳ್ಳಲ್ಲ. ಆದರೆ ನಮ್ಮೂರಿನ ದಾರಿಯಲ್ಲಿ ಮರಳೇ ಇರಲಿಲ್ಲ.

ಒಂದು ಬೆಳಿಗ್ಗೆ ಉತ್ತಯ್ಯನವರ ಸೊಸೆಗೆ ಹೆರಿಗೆ ನೋವು ಶುರುವಾಯಿತು. ಆಸ್ಪತ್ರೆಗೆ ಹೊರಟೆವು. ಏರುದಾರಿಯ ಕೆಸರಿನಲ್ಲಿ ನಾನು ಹೇಳಿದಂತೆಯೇ ತೇಲಿದೆ. ತೇಲುತ್ತಲೇ ಚರಂಡಿಗೆ ಜಾರಿದೆ. ಎಷ್ಟು ಗಿರಗಿರ ತಿರುಗಿದರೂ, ಜೀಪು ತಳ್ಳುತ್ತಿದ್ದ ಉತ್ತಯ್ಯನವರ ಮಗನ ಮುಖಕ್ಕೆ ಕೆಸರೆರಚಿದ್ದಷ್ಟೇ ಬಂತು. ಒಳಗೆ ಆ ಹೆಣ್ಣುಮಗಳು ನರಳುತ್ತಿದ್ದಳು.

ಅಷ್ಟರಲ್ಲಿ ಹಾಲಿನ ಜೀಪು ಬಂತು. “ಅಣ್ಣಾ, ಅವಳನ್ನು ಇತ್ತ ಕೂರಿಸಿ, ಬೇಗ!” ಎಂದರು ಬೊಳ್ಳಮ್ಮ. ಸಪೂರ ಟೈರು ಕೆಸರನ್ನು ಸೀಳಿಕೊಂಡು, ಅಡಿಯ ಗಟ್ಟಿ ನೆಲ ಸಿಗುವವರೆಗೂ ಇಳಿಯಿತು. ಆ ನೆಲವನ್ನು ಕಚ್ಚಿ ಹಿಡಿದು ಏರು ಹತ್ತಿತು.

ಮಧ್ಯಾಹ್ನ ಬೊಳ್ಳಮ್ಮ ಹೆಣ್ಣುಮಗು ಹುಟ್ಟಿದ ಸುದ್ದಿ ತಂದರು. ನಮ್ಮನ್ನು ಮೇಲೆತ್ತಲು ಹಗ್ಗವನ್ನೂ ಕಟ್ಟಿದರು.

“ಹೂತುಹೋಗಲು ನಿನಗೆ ನಾಚಿಕೆಯಾಗುವುದಿಲ್ಲವೇ?” ಎಂದು ಸಪೂರ ಟೈರನ್ನು ಕೇಳಿದೆ.

“ನೆಲ ಇರುವುದು ಕೆಳಗಲ್ಲವೇ?” ಎಂದಿತು ಅದು.

ಆಗಲಾದರೂ ನಾನು ಸುಮ್ಮನಿರಬೇಕಿತ್ತು. ಚರಂಡಿಯಲ್ಲಿ ಮಲಗಿಕೊಂಡೇ ಬುದ್ಧಿ ಹೇಳಿದೆ: “ಮೆಲ್ಲಗೆ ಎಳೆಯಪ್ಪ, ಜಾರಿಬಿಟ್ಟೀಯೆ!”